ಕೋಡಿಂಗ್ ಬರೋನು ಒಬ್ಬನೇ, ಟೀಮ್ ಎರಡು

ಹಾಸನದ ವಿದ್ಯಾನಗರದಲ್ಲಿರುವ ತಂಗಿ ಒಂದು ರಾತ್ರಿ ಫೋನ್ ಮಾಡಿದಳು. ಅವಳ ಮಗ ಎಂಟನೇ ಕ್ಲಾಸು. ಶಾಲೆಯಿಂದ ರೋಬೋಟ್ ಸ್ಪರ್ಧೆಗೆ ಎರಡು ಟೀಮ್ ಕಳಿಸುತ್ತಾರಂತೆ. ಕೋಡಿಂಗ್ ಸರಿಯಾಗಿ ಬರೋದು ಇವನೊಬ್ಬನಿಗೆ. ಹಾಗಾಗಿ ಎರಡೂ ಟೀಮಿನಲ್ಲಿ ಇವನ ಹೆಸರು ಹಾಕೋಣ ಅಂತ ಶಾಲೆಯವರು ಹೇಳಿದ್ದಾರೆ.

"ಅಣ್ಣ, ಹಾಗೆ ಹಾಕಬಹುದಾ? ಆಮೇಲೆ ಏನಾದ್ರೂ ತೊಂದರೆ ಆಗುತ್ತಾ?"

ಒಂದೆರಡು ಕಾಲೇಜು ಫೆಸ್ಟ್‌ಗಳಲ್ಲಿ ರೋಬೋಟ್ ವಿಭಾಗಕ್ಕೆ ಜಡ್ಜ್ ಆಗಿ ಕೂತಿದ್ದೇನೆ. ಅಷ್ಟಕ್ಕೇ ನಮ್ಮ ಮನೆಯಲ್ಲಿ ನಾನು ದೊಡ್ಡ ಪಂಡಿತ. "ನೋಡಿ ಹೇಳ್ತೀನಿ" ಅಂದೆ. ಹಿಂದಿನಿಂದ ಹುಡುಗನ ದನಿ ಕೇಳಿಸಿತು: "ಅಮ್ಮ, ಮಾವನಿಗೆ ಹೇಳು, ಎಂಸಿಎಫ್‌ನಲ್ಲಿ ಅಷ್ಟೊಂದು ಸ್ಯಾಟಲೈಟ್ ಒಂದೇ ಕಡೆಯಿಂದ ನೋಡಿಕೊಳ್ತಾರಲ್ವಾ? ನಾನು ಎರಡು ರೋಬೋಟ್ ನೋಡಿಕೊಂಡರೆ ಏನಂತೆ?"

ಹಾಸನದ ಮಕ್ಕಳ ಬಾಯಲ್ಲಿ ಈ ಮಾತು ಬರೋದು ಸಹಜ. ಎಂಸಿಎಫ್ ಅಂದರೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುವ ಕೇಂದ್ರ. 1982ರಿಂದ ನಮ್ಮೂರಲ್ಲೇ ಇದೆ. ಅದರ ದೊಡ್ಡ ದೊಡ್ಡ ಡಿಶ್ ಆಂಟೆನಾ ನೋಡಿಕೊಂಡೇ ಇಲ್ಲಿಯ ಮಕ್ಕಳು ಬೆಳೆದಿದ್ದಾರೆ. ನನಗೆ ನಗು ಬಂತು, ಆದರೆ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟ ಮೇಲೆ ರೂಲ್ ಬುಕ್‌ಗಳನ್ನು ತೆಗೆದು ಕೂತೆ.

ಪುಸ್ತಕದಲ್ಲಿ ಏನಿದೆ?

ರೋಬೋಟ್ ಸ್ಪರ್ಧೆಗಳಿಗೆಲ್ಲ ಒಂದೇ ನಿಯಮ ಅಂತ ಇಲ್ಲ. ಒಂದೊಂದಕ್ಕೆ ಒಂದೊಂದು ಪುಸ್ತಕ. ಅದೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಆದರೂ ದೊಡ್ಡ ಸ್ಪರ್ಧೆಗಳಲ್ಲಿ ಎರಡನ್ನು ನೋಡಿದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

ಮೊದಲನೆಯದು ವರ್ಲ್ಡ್ ರೋಬೋಟ್ ಒಲಿಂಪಿಯಾಡ್. 2004ರಲ್ಲಿ ಸಿಂಗಪುರದಲ್ಲಿ ಶುರುವಾದದ್ದು. 2016ರಲ್ಲಿ ಅದರ ಅಂತರರಾಷ್ಟ್ರೀಯ ಫೈನಲ್ ದೆಹಲಿಯ ಮಗ್ಗುಲಲ್ಲೇ ನಡೆದಿತ್ತು. ಇಲ್ಲಿ ಟೀಮ್ ಅಂದರೆ ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳು, ಜೊತೆಗೆ ಒಬ್ಬ ಕೋಚ್. ಒಬ್ಬ ವಿದ್ಯಾರ್ಥಿ, ಒಬ್ಬ ಕೋಚ್ ಸೇರಿದರೆ ಟೀಮ್ ಆಗೋದಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಒಂದೇ ಸಾಲಿನಲ್ಲಿದೆ: ಒಬ್ಬ ವಿದ್ಯಾರ್ಥಿ ಒಂದು ಟೀಮಿನಲ್ಲಿ ಮಾತ್ರ ಇರಬಹುದು. ಆ ಟೀಮ್ ಕೂಡ ಒಂದು ಸೀಸನ್‌ನಲ್ಲಿ ಒಂದೇ ವಿಭಾಗಕ್ಕೆ ಇಳಿಯಬೇಕು. ಕೋಚ್‌ಗೆ ಮಾತ್ರ ಈ ಕಟ್ಟು ಇಲ್ಲ. ಅವರು ಎಷ್ಟು ಟೀಮಿಗೆ ಬೇಕಾದರೂ ಹೇಳಿಕೊಡಬಹುದು.

ಈ ನಿಯಮ ಯಾಕೆ ಬೇಕಾಯಿತು ಅನ್ನೋದಕ್ಕೆ ವಯಸ್ಸಿನ ಗುಂಪುಗಳನ್ನು ನೋಡಿ. ಅದರ ರೋಬೋಮಿಷನ್ ವಿಭಾಗದಲ್ಲಿ ಚಿಕ್ಕವರ ಗುಂಪು 8ರಿಂದ 12 ವರ್ಷ, ನಡುವಿನದು 11ರಿಂದ 15, ದೊಡ್ಡವರದು 14ರಿಂದ 19. ಅಂದರೆ ಹದಿನಾಲ್ಕು ವರ್ಷದವನು ಎರಡು ಗುಂಪಿಗೆ ಸಲ್ಲುತ್ತಾನೆ. ತಡೆ ಇಲ್ಲದಿದ್ದರೆ ಬೆಳಿಗ್ಗೆ ನಡುವಿನ ಗುಂಪಿನಲ್ಲಿ ಒಂದು ಕೈ, ಮಧ್ಯಾಹ್ನ ದೊಡ್ಡವರ ಗುಂಪಿನಲ್ಲಿ ಇನ್ನೊಂದು ಕೈ ನೋಡಿಬಿಡುತ್ತಿದ್ದರು.

ಎರಡನೆಯದು ವೆಕ್ಸ್. ಇದರ ನಿಯಮ ಓದಿದಾಗ, ಬರೆದವರು ನಮ್ಮ ಶಾಲೆಗಳಿಗೆಲ್ಲ ಬಂದು ಕದ್ದು ನೋಡಿ ಹೋಗಿದ್ದಾರೇನೋ ಅನ್ನಿಸಿತು. ವಿದ್ಯಾರ್ಥಿಗಳು ಒಂದೇ ಕಾರ್ಯಕ್ರಮದಲ್ಲಿ ಎರಡು ಟೀಮಿಗೆ ಸೇರುವಂತಿಲ್ಲ ಅನ್ನುವುದರ ಜೊತೆಗೆ, ಟೀಮ್ ಬದಲಾಯಿಸುವುದರ ಬಗ್ಗೆಯೂ ಅದು ಮಾತಾಡುತ್ತದೆ. ಕಾಯಿಲೆ ಬಿತ್ತು, ಶಾಲೆ ಬದಲಾಯಿತು, ಟೀಮಿನೊಳಗೆ ಜಗಳವಾಯಿತು, ಎರಡು ಟೀಮ್ ಸೇರಿ ಒಂದಾಯಿತು ಅಥವಾ ಒಂದು ಒಡೆದು ಎರಡಾಯಿತು. ಇಂಥ ಕಾರಣಕ್ಕೆ ಆ ಕಡೆಯಿಂದ ಈ ಕಡೆ ಹೋದರೆ ತಪ್ಪಿಲ್ಲ. ಲೆಕ್ಕ ಹಾಕಿ ಹೋದರೆ ತಪ್ಪು. ಲೆಕ್ಕಾಚಾರಕ್ಕೆ ಪುಸ್ತಕವೇ ಕೊಡುವ ಉದಾಹರಣೆ ಏನು ಗೊತ್ತಾ? ಒಬ್ಬನೇ ಪ್ರೋಗ್ರಾಮರ್ ಟೀಮ್ ಬದಲಾಯಿಸುತ್ತಾ ಹಲವು ರೋಬೋಟಿಗೆ ಅದೇ ಪ್ರೋಗ್ರಾಮ್ ಬರೆಯುವುದು. ಒಬ್ಬಳೇ ಹುಡುಗಿ ಹಲವು ಟೀಮಿನ ಎಂಜಿನಿಯರಿಂಗ್ ನೋಟ್‌ಬುಕ್, ಅಂದರೆ ರೋಬೋಟ್ ಹೇಗೆ ಕಟ್ಟಿದೆವು ಅನ್ನುವ ದಿನಚರಿ, ಬರೆದುಕೊಡುವುದು.

ನಮ್ಮ ತಂಗಿಯ ಮಗನ ಶಾಲೆಯವರು ಕೇಳಿದ್ದು ಸಾಕ್ಷಾತ್ ಇದನ್ನೇ.

ಮೇಲಿನ ಹಂತಕ್ಕೂ ಬಿಗಿ ಇದೆ. ಒಂದು ಟೀಮ್ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾದರೆ, ಗೆದ್ದ ಮಕ್ಕಳೇ ಅಲ್ಲಿಗೂ ಹೋಗಬೇಕು. ಸಹಾಯಕ್ಕೆ ಬೇರೆ ಮಕ್ಕಳನ್ನು ಸೇರಿಸಿಕೊಳ್ಳಬಹುದು, ಆದರೆ ರೋಬೋಟ್ ಓಡಿಸುವ ಜಾಗಕ್ಕೋ ಪ್ರೋಗ್ರಾಮ್ ಬರೆಯುವ ಜಾಗಕ್ಕೋ ಸಾಮಾನ್ಯವಾಗಿ ಹೊಸಬರನ್ನು ತಂದು ಕೂರಿಸುವಂತಿಲ್ಲ.

ಅಲ್ಲಿಗೆ ತಂಗಿಗೆ ಹೇಳಬೇಕಾದ ಉತ್ತರ ಸಿಕ್ಕಿತು. ಆಗಲ್ಲ. ಆದರೆ "ಆಗಲ್ಲ" ಅಂದರೆ ಅಮ್ಮಂದಿರು ಕೇಳುತ್ತಾರೆ, ಎಂಟನೇ ಕ್ಲಾಸಿನವರು ಕೇಳೋದಿಲ್ಲ. ಅವರಿಗೆ ಯಾಕೆ ಅಂತ ಬೇಕು.

ಕೈ ಒಂದೇ ಕಡೆ ಇರುತ್ತದೆ, ಕೋಡ್ ಇರುವುದಿಲ್ಲ

ಸಕಲೇಶಪುರ, ಮೂಡಿಗೆರೆ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ನೋಡಿದವರಿಗೆ ಈ ಜಗಳ ಹೊಸದಲ್ಲ. ಊರಿನ ಹೆಸರಲ್ಲಿ ಟೀಮ್, ಒಳಗೆ ಇಬ್ಬರು ಹೊರಗಿನ ಪ್ಲೇಯರ್. ಇನ್ನೊಂದು ಟೀಮ್‌ನವರು ಆಧಾರ್ ಕಾರ್ಡ್ ತೋರಿಸಿ ಅಂತಾರೆ. ಕಮಿಟಿಯವರು ಮೈಕಿನಲ್ಲೇ ಪಂಚಾಯಿತಿ ಮಾಡುತ್ತಾರೆ. ಆದರೆ ಎಂಥ ಬಾಡಿಗೆ ಬೌಲರ್ ಆದರೂ ಅವನ ಕೈ ಒಂದು ಹೊತ್ತಿಗೆ ಒಂದೇ ಮೈದಾನದಲ್ಲಿ ಇರುತ್ತದೆ. ಈ ಟೀಮಿಗೆ ನಾಲ್ಕು ಓವರ್ ಹಾಕಿದರೆ ಆ ನಾಲ್ಕು ಓವರ್ ಮುಗಿಯಿತು.

ಕೋಡ್ ಹಾಗಲ್ಲ. ಒಮ್ಮೆ ಬರೆದದ್ದನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಹತ್ತು ರೋಬೋಟ್ ಓಡುತ್ತವೆ. ಬರೆದವನ ಶ್ರಮ ಒಂದೇ, ಸಿಗುವ ಅಂಕ ಮಾತ್ರ ಹತ್ತು ಸಲ. ಆಟಗಾರ ಎರಡು ಟೀಮಿನಲ್ಲಿದ್ದರೆ ಅವನಿಗೇ ಸುಸ್ತು. ಕೋಡರ್ ಎರಡು ಟೀಮಿನಲ್ಲಿದ್ದರೆ ಉಳಿದವರಿಗೆ ಮೋಸ. ರೋಬೋಟ್ ಸ್ಪರ್ಧೆಗಳ ಪುಸ್ತಕ ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರಲು ಇದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ.

ಒಮ್ಮೆ ಒಂದು ಫೆಸ್ಟ್‌ನಲ್ಲಿ ಲೈನ್ ಫಾಲೋವರ್ ಸ್ಪರ್ಧೆ. ಬಿಳಿ ಫ್ಲೆಕ್ಸ್ ಮೇಲೆ ಕಪ್ಪು ಗೆರೆ, ಅದರ ಮೇಲೆ ರೋಬೋಟ್ ತಾನಾಗಿ ಓಡಬೇಕು. ಎರಡು ಟೀಮ್ ಒಂದಾದ ಮೇಲೆ ಒಂದು ಬಂದವು. ಎರಡೂ ರೋಬೋಟ್ ಒಂದೇ ತಿರುವಿನಲ್ಲಿ ಒಂದೇ ಥರ ಬಾಲ ಅಲ್ಲಾಡಿಸಿದವು. ಅನುಮಾನ ಬಂದು ಲ್ಯಾಪ್‌ಟಾಪ್ ತೆರೆಸಿದೆ. ಎಡಗಡೆ ಸೆನ್ಸರ್‌ನ ರೀಡಿಂಗ್ ಹಿಡಿದಿಡುವ ವೇರಿಯಬಲ್‌ಗೆ ಇಬ್ಬರೂ ಇಟ್ಟ ಹೆಸರು 'ಮಸಾಲೆ'. ಬಲಗಡೆಯದ್ದು 'ಸೆಟ್'. ಎರಡು ಟೀಮಿಗೂ ಒಂದೇ ದಿನ ಒಂದೇ ಹೋಟೆಲ್ ನೆನಪಾಗಿರಲು ಸಾಧ್ಯ ಇಲ್ಲ ಅಲ್ವಾ? ಕೇಳಿದರೆ ಒಬ್ಬ ಹುಡುಗ ತಲೆ ಕೆರೆದುಕೊಂಡು ಒಪ್ಪಿಕೊಂಡ. ಎರಡಕ್ಕೂ ಅವನೇ ಬರೆದಿದ್ದ. ಉಳಿದವರಿಗೆ ಆ ಪ್ರೋಗ್ರಾಮ್‌ನಲ್ಲಿ ಒಂದು ಸಾಲೂ ವಿವರಿಸಲು ಬರಲಿಲ್ಲ.

ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನು ಗೆಳೆಯರಿಗೆ ಸಹಾಯ ಮಾಡಿದ್ದ, ಅಷ್ಟೇ. ಬೇಜಾರಾಗಿದ್ದು ಎರಡನೇ ಟೀಮಿನ ಮಕ್ಕಳ ಮುಖ ನೋಡಿ. ತಾವೇ ತಂದ ರೋಬೋಟಿನ ಪಕ್ಕ ಬೇರೆ ಯಾರದೋ ಮನೆ ನೆಂಟರ ಹಾಗೆ ನಿಂತಿದ್ದರು.

ಎದುರಾಳಿ ನಾನೇ ಆದರೆ?

ಇನ್ನೊಂದು ಕಾರಣ ಹೊರಗಿನಿಂದ ನೋಡುವವರಿಗೆ ಬೇಗ ಕಾಣುವುದಿಲ್ಲ. ವೆಕ್ಸ್‌ನ ದೊಡ್ಡ ಮಕ್ಕಳ ಆಟದಲ್ಲಿ ಒಂದು ಟೀಮ್ ಒಂಟಿಯಾಗಿ ಆಡುವುದಿಲ್ಲ. ಎರಡು ಟೀಮ್ ಒಂದು ಕಡೆ, ಎರಡು ಟೀಮ್ ಇನ್ನೊಂದು ಕಡೆ. ಎರಡು ನಿಮಿಷದ ಆಟ. ಮೊದಲ 15 ಸೆಕೆಂಡ್ ರೋಬೋಟ್ ತಾನಾಗಿ ಓಡಬೇಕು, ಉಳಿದ 1 ನಿಮಿಷ 45 ಸೆಕೆಂಡ್ ಮಕ್ಕಳು ರಿಮೋಟ್ ಹಿಡಿದು ಓಡಿಸುತ್ತಾರೆ. ಮೊದಲ ಸುತ್ತುಗಳಲ್ಲಿ ಯಾರಿಗೆ ಯಾರು ಜೊತೆ, ಯಾರಿಗೆ ಯಾರು ಎದುರು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ.

ಈಗ ಒಬ್ಬ ಹುಡುಗ ಎರಡು ಟೀಮಿನಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಒಂದಲ್ಲ ಒಂದು ಹೊತ್ತಿಗೆ ಆ ಎರಡೂ ಟೀಮ್ ಎದುರುಬದುರು ನಿಲ್ಲಬಹುದು. ಅವನು ಯಾವ ಕಡೆ ನಿಲ್ಲಬೇಕು? ಯಾವ ಕಡೆ ನಿಂತರೂ ಇನ್ನೊಂದು ಕಡೆಯ ಗುಟ್ಟು ಅವನಿಗೆ ಗೊತ್ತು. ಆ ರೋಬೋಟ್ ಶುರುವಿನಲ್ಲಿ ಎಡಕ್ಕೆ ತಿರುಗುತ್ತದೆ, ಅದರ ಕೈ ಮೂರನೇ ಸಲ ಎತ್ತುವಾಗ ಮೋಟರ್ ಬಿಸಿಯಾಗುತ್ತದೆ, ಇದೆಲ್ಲ. ಬೇಕಂತಲೇ ಸೋಲುವುದಿಲ್ಲ ಅಂತ ಅವನು ದೇವರ ಮೇಲೆ ಆಣೆ ಮಾಡಿದರೂ ನೋಡುವವರು ನಂಬಬೇಕಲ್ಲ.

ನಂತರದ ಹಂತ ಇನ್ನೂ ಸೂಕ್ಷ್ಮ. ನಾಕೌಟ್‌ಗೆ ಮುಂಚೆ ಮೇಲಿನ ಸ್ಥಾನದ ಟೀಮುಗಳು ತಮಗೆ ಬೇಕಾದ ಜೊತೆಗಾರರನ್ನು ಕರೆಯುತ್ತವೆ. ಒಂದು ಸಲ ಬೇಡ ಅಂದ ಟೀಮನ್ನು ಮತ್ತೆ ಬೇರೆಯವರು ಕರೆಯುವಂತಿಲ್ಲ. ಹಾಗಾಗಿ ಒಂದೊಂದು ಹೂಂ, ಒಂದೊಂದು ಊಹೂಂಗೂ ಬೆಲೆ ಇದೆ. ಒಂದೇ ಶಾಲೆಯ ಎ ಟೀಮ್, ಬಿ ಟೀಮ್ ಒಬ್ಬರನ್ನೊಬ್ಬರು ಕರೆದುಕೊಂಡರೆ ಅದಕ್ಕೆ ಅಡ್ಡಿಯೇನಿಲ್ಲ. ಅಕ್ಕಪಕ್ಕದ ಬೆಂಚಿನವರು, ಕರೆಯದೆ ಇರುತ್ತಾರಾ? ಆದರೆ ಕರೆಯುವವನೂ ಅವನೇ, ಒಪ್ಪುವವನೂ ಅವನೇ ಆದರೆ ಅದು ಆಯ್ಕೆ ಅನ್ನಿಸಿಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಎಂಸಿಎಫ್ ವಾದಕ್ಕೆ ಉತ್ತರ ತಾನಾಗಿ ಬಂತು. ಅಲ್ಲಿಯ ಎಂಜಿನಿಯರ್‌ಗಳು ನೋಡಿಕೊಳ್ಳುವ ಉಪಗ್ರಹಗಳು ಒಂದರ ವಿರುದ್ಧ ಇನ್ನೊಂದು ಕಪ್ ಗೆಲ್ಲಲು ಆಡುತ್ತಿಲ್ಲ. ಒಂದು ಚೆನ್ನಾಗಿ ಕೆಲಸ ಮಾಡಿದರೆ ಇನ್ನೊಂದಕ್ಕೆ ನಷ್ಟ ಇಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹೂಂ, ಅದು ಸರಿ ಮಾವ" ಅಂದ. ನನಗೆ ಒಂದು ಮ್ಯಾಚ್ ಗೆದ್ದಷ್ಟು ಖುಷಿ.

ಒಂದು ಕುರ್ಚಿಯ ಲೆಕ್ಕ

ಟೀಮಿನ ಗಾತ್ರವನ್ನೂ ನೋಡಬೇಕು. 'ಫಸ್ಟ್' ಅನ್ನುವ ಅಮೆರಿಕದ ಸಂಸ್ಥೆಯೂ ಮಕ್ಕಳಿಗೆ ರೋಬೋಟ್ ಸ್ಪರ್ಧೆ ನಡೆಸುತ್ತದೆ. ಅದರ ಫಸ್ಟ್ ಲೆಗೋ ಲೀಗ್‌ನಲ್ಲಿ ಒಂದು ಟೀಮಿಗೆ 10 ಮಕ್ಕಳವರೆಗೆ ಇರಬಹುದು. ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ 15ರವರೆಗೆ. ಅಷ್ಟು ದೊಡ್ಡ ಟೀಮಿನಲ್ಲಿ ಒಬ್ಬ ಹೆಚ್ಚಾದರೆ, ಕಡಿಮೆಯಾದರೆ ಅಷ್ಟು ಎದ್ದು ಕಾಣುವುದಿಲ್ಲ. ಹೆಚ್ಚೆಂದರೆ ಮೂವರು ಇರುವ ಟೀಮಿನಲ್ಲಿ ಲೆಕ್ಕ ಬೇರೆ. ಒಂದು ಶಾಲೆ ಮೂವರಂತೆ ಮೂರು ಟೀಮ್ ಕಳಿಸಿದರೆ ಒಂಬತ್ತು ಕುರ್ಚಿ. ಒಬ್ಬನೇ ಎರಡರಲ್ಲಿ ಕೂತರೆ ಎಂಟೇ ಮಕ್ಕಳು ಹೋಗುತ್ತಾರೆ. ಮೂರರಲ್ಲೂ ಅವನೇ ಕೂತರೆ ಏಳು. ಹೊರಗುಳಿಯುವುದು ಯಾರು? ಇನ್ನೂ ಕಲಿಯುತ್ತಿರುವ ಹುಡುಗಿ. "ನೀನು ಮುಂದಿನ ವರ್ಷ ಹೋಗುವೆಯಂತೆ" ಅನ್ನಿಸಿಕೊಂಡವಳು. ಮುಂದಿನ ವರ್ಷ ಅವಳು ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಅಂತ ಮನೆಯಲ್ಲಿ ರೋಬೋಟ್ ಹೆಸರೆತ್ತಲೂ ಬಿಡುವುದಿಲ್ಲ. ಅಲ್ಲಿಗೆ ಅವಳ ಕಥೆ ಮುಗಿಯಿತು.

ಎರಡು ಟೀಮಿನಲ್ಲಿರುವುದು ಎರಡು ಲಾಟರಿ ಟಿಕೆಟ್ ಇಟ್ಟುಕೊಂಡ ಹಾಗೂ ಹೌದು. ಒಂದು ಹೋದರೆ ಇನ್ನೊಂದು. ಮುಂದಿನ ಸುತ್ತಿಗೆ ಹೋಗುವ ಜಾಗ ಕೆಲವೇ. ಒಬ್ಬನಿಗೆ ಎರಡು ಅವಕಾಶ ಸಿಕ್ಕಿದರೆ ಒಂದೇ ಅವಕಾಶ ಇಟ್ಟುಕೊಂಡು ಬಂದವರಿಗೆ ಏನನ್ನಿಸಬೇಡ?

ಸಮಯದ ತೊಂದರೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಟೀಮಿನ ಸರದಿ ಬಂದಾಗ ಇನ್ನೊಂದು ಟೀಮಿಗೆ ಜಡ್ಜ್‌ಗಳ ಮುಂದೆ ಸಂದರ್ಶನ ಇರುತ್ತದೆ. ಒಬ್ಬನಿಗಾಗಿ ಇಡೀ ದಿನದ ವೇಳಾಪಟ್ಟಿ ಕಾಯುವುದಿಲ್ಲ.

ಆದರೆ ನಮ್ಮೂರಿನ ಕಷ್ಟ ಬೇರೆ

ಇಲ್ಲಿಯವರೆಗೆ ನಾನು ನಿಯಮದ ಪರ ವಕೀಲನಂತೆ ಮಾತಾಡಿದೆ. ಈಗ ಎದುರು ಪಕ್ಷ.

ಒಬ್ಬ ವಿದ್ಯಾರ್ಥಿಗೆ ಒಂದೇ ಟೀಮ್ ಅನ್ನುವ ನಿಯಮ ಬರೆಯುವಾಗ ಪ್ರತಿ ಶಾಲೆಯಲ್ಲೂ ಹತ್ತಾರು ಮಕ್ಕಳು, ಸಾಕಷ್ಟು ಕಿಟ್, ಹೇಳಿಕೊಡಲು ಜನ ಇರುತ್ತಾರೆ ಅಂತ ಎಲ್ಲೋ ಒಂದು ಅಂದಾಜು ಇದ್ದೇ ಇರುತ್ತದೆ. ಬೆಂಗಳೂರಿನ ದೊಡ್ಡ ಶಾಲೆಗಳಿಗೆ ಅದು ಸರಿ. ಆಲೂರು, ಅರಕಲಗೂಡು, ಕೊಪ್ಪದ ಶಾಲೆಗಳಿಗೆ? ಅಲ್ಲಿ ಆಸಕ್ತಿ ಇರುವವರು ನಾಲ್ಕು ಜನ, ಅದರಲ್ಲಿ ಸಂಜೆ ಉಳಿಯಬಲ್ಲವರು ಇಬ್ಬರು, ಉಳಿದವರಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮತ್ತೆ ಆರಕ್ಕೇ. ಮಳೆಗಾಲದಲ್ಲಿ ಇನ್ನೂ ಚೆಂದ. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಡಿಸಿ ಮಳೆ ರಜೆ ಕೊಟ್ಟರೆ ಅಭ್ಯಾಸ ನಿಂತಿತು. ರಜೆ ಇಲ್ಲದ ದಿನ ಕರೆಂಟ್ ಇರುವುದಿಲ್ಲ.

ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಶಾಲೆಗಳಿಗೆ ಬಂದ ಮೇಲೆ ಸ್ವಲ್ಪ ಬದಲಾಗಿದೆ, ಇಲ್ಲ ಅನ್ನಲಾರೆ. 2016ರಲ್ಲಿ ನೀತಿ ಆಯೋಗ ಶುರು ಮಾಡಿದ ಯೋಜನೆ ಇದು. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಹಾಯ: ಸಾಮಾನು ಕೊಳ್ಳಲು ಅರ್ಧ, ಐದು ವರ್ಷ ನಡೆಸಲು ಇನ್ನರ್ಧ. 2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ತೆರೆಯುತ್ತೇವೆ ಅಂತ ಹೇಳಿದ್ದಾರೆ. ಬರಲಿ, ಒಳ್ಳೆಯದೇ. ಆದರೆ ತ್ರೀಡಿ ಪ್ರಿಂಟರ್ ದುಡ್ಡು ಕೊಟ್ಟರೆ ಬರುತ್ತದೆ. ಕೋಡಿಂಗ್ ಹೇಳಿಕೊಡುವ ಮೇಷ್ಟ್ರು ದುಡ್ಡು ಕೊಟ್ಟರೂ ತಕ್ಷಣ ಬರುವುದಿಲ್ಲ. ನಾನು ನೋಡಿದ ಒಂದು ಲ್ಯಾಬ್‌ನಲ್ಲಿ ಪ್ರಿಂಟರ್‌ಗೆ ಇನ್ನೂ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಧೂಳು ಕೂರಬಾರದು ಅಂತ ಅಂತೆ.

ಹೀಗಿರುವಾಗ ಯೂಟ್ಯೂಬ್ ನೋಡಿ ತಾನೇ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಇಡೀ ಶಾಲೆಗೆ ಆಧಾರ. ಎರಡನೇ ಟೀಮಿನಲ್ಲಿ ಅವರನ್ನು ಸೇರಿಸದಿದ್ದರೆ ಎರಡನೇ ಟೀಮೇ ಇಲ್ಲ. ಇದು ಶಾಲೆಯವರ ವಾದ, ಮತ್ತು ಅದು ಸುಳ್ಳಲ್ಲ. ಇಬ್ಬರ ಟೀಮ್ ಮಾಡಿಕೊಂಡು ಹೋದರೆ ಒಬ್ಬರಿಗೆ ಜ್ವರ ಬಂದ ದಿನ ಟೀಮ್ ಮುಗಿಯಿತು.

ಆದರೂ ನನ್ನ ಮಾತು ಇದು: ಮಕ್ಕಳು ಕಡಿಮೆ ಇದ್ದರೆ ಟೀಮ್ ಕಡಿಮೆ ಮಾಡಬೇಕು. ಕೋಡಿಂಗ್ ಬರುವವನು ಒಬ್ಬನೇ ಆದರೆ ಒಂದು ಟೀಮ್ ಕಳಿಸಿ, ಮುಂದಿನ ವರ್ಷಕ್ಕೆ ಎರಡನೆಯವರನ್ನು ತಯಾರು ಮಾಡಿ. ಎರಡು ಟೀಮ್ ಕಳಿಸಲೇಬೇಕು ಅನ್ನುವ ಹಟ ಸಾಮಾನ್ಯವಾಗಿ ಮಕ್ಕಳದ್ದಾಗಿರುವುದಿಲ್ಲ.

ಫ್ಲೆಕ್ಸ್ ಯಾರ ಮನೆ ಮುಂದೆ?

ಹಾಸನ, ಚಿಕ್ಕಮಗಳೂರು ಎರಡೂ ಕಡೆ ನಾನು ನೋಡಿದ ಹೆಚ್ಚಿನ ಗೊಂದಲ ಒಂದೇ ಶಾಲೆಯ ಎರಡು ಟೀಮಿನದ್ದಲ್ಲ. ಅದು ಶಾಲೆಗೂ ಸಂಜೆ ಕ್ಲಾಸಿಗೂ ನಡುವಿನದು. ಹಗಲು ಶಾಲೆಯ ಲ್ಯಾಬ್, ಸಂಜೆ ಫೀಸು ಕೊಟ್ಟು ಹೋಗುವ ರೋಬೋಟಿಕ್ಸ್ ಕ್ಲಾಸು. ಇಬ್ಬರಿಗೂ ಅದೇ ಚುರುಕು ಹುಡುಗ ಬೇಕು. ಶಾಲೆಯವರು ಹೇಳುತ್ತಾರೆ, ನಮ್ಮ ವಿದ್ಯಾರ್ಥಿ. ಕ್ಲಾಸಿನವರು ಹೇಳುತ್ತಾರೆ, ಕಲಿಸಿದ್ದು ನಾವು. ಗೆದ್ದರೆ ಎರಡೂ ಕಡೆ ಅವನ ಫೋಟೋ ಹಾಕಿದ ಫ್ಲೆಕ್ಸ್. ಅಪ್ಪ ಅಮ್ಮನಿಗೆ ಯಾರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಇರುವುದಿಲ್ಲ, ಎರಡಕ್ಕೂ ಹೂಂ ಅಂದಿರುತ್ತಾರೆ. ಕೊನೆಗೆ ನೋಂದಣಿ ಫಾರಂನಲ್ಲಿ ಒಂದೇ ಹುಟ್ಟಿದ ದಿನಾಂಕ, ಒಂದೇ ಹೆಸರು ಎರಡು ಸಲ ಕಂಡಾಗ ಸಿಕ್ಕಿಬೀಳುವುದು ಹುಡುಗ. ತಲೆ ತಗ್ಗಿಸಿ ನಿಲ್ಲುವವನೂ ಅವನೇ.

ಇಲ್ಲಿ ಒಂದು ವಿಷಯ ಬೇರೆ ಮಾಡಿ ನೋಡಬೇಕು. ಶಾಲೆಯಿಂದ ಒಂದು ಸ್ಪರ್ಧೆ, ಕ್ಲಾಸಿನಿಂದ ಬೇರೆಯೇ ಸ್ಪರ್ಧೆ ಆದರೆ ತೊಂದರೆ ಬರುವುದು ಕಡಿಮೆ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ನಿಯಮ ತನ್ನ ಸೀಸನ್ ಬಗ್ಗೆ ಮಾತಾಡುತ್ತದೆ, ವೆಕ್ಸ್‌ನದು ತನ್ನ ಕಾರ್ಯಕ್ರಮದ ಬಗ್ಗೆ. ಒಂದೇ ಸ್ಪರ್ಧೆಯಲ್ಲಿ ಎರಡು ಹೆಸರು ಇದ್ದರೆ ಅದು ತಪ್ಪು. ಎರಡು ಸ್ಪರ್ಧೆಯಲ್ಲಿ ಒಂದೊಂದು ಹೆಸರು ಇದ್ದರೆ ಅದು ಹುಡುಗನ ನಿದ್ದೆಯ ಪ್ರಶ್ನೆ ಮಾತ್ರ. ಕಾಲೇಜು ಫೆಸ್ಟ್‌ಗಳಲ್ಲೂ ಸಾಮಾನ್ಯವಾಗಿ ಇದೇ ರೀತಿ. ರೋಬೋ ರೇಸ್‌ಗೆ ಒಂದು ಟೀಮ್, ರೋಬೋ ಸಾಕರ್‌ಗೆ ಇನ್ನೊಂದು ಟೀಮ್ ಅಂತ ಇಳಿಯುವವರು ಎಷ್ಟೋ ಜನ. ಅಲ್ಲಿ ನಿಯಮ ಸಂಘಟಕರ ಪೋಸ್ಟರ್‌ನಲ್ಲಿ ಎರಡು ಸಾಲು ಇರುತ್ತದೆ ಅಷ್ಟೇ. ಅದು ಅರ್ಥವಾಗದಿದ್ದರೆ ಹಣ ಕಟ್ಟುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಬಾಯಿಮಾತಿನ "ಪರವಾಗಿಲ್ಲ ಬನ್ನಿ" ಸ್ಪರ್ಧೆಯ ದಿನ ನೆನಪಿರುವುದಿಲ್ಲ.

ಸಹಾಯ ಎಲ್ಲಿ ಮುಗಿಯುತ್ತದೆ?

ಹಾಗಾದರೆ ಚೆನ್ನಾಗಿ ಬಲ್ಲ ಹುಡುಗ ಪಕ್ಕದ ಟೀಮಿನವರ ಮುಖವನ್ನೂ ನೋಡಬಾರದಾ? ಹಾಗೇನಿಲ್ಲ. ಡೀನ್ ಕೇಮನ್ 1989ರಲ್ಲಿ ಅಮೆರಿಕದಲ್ಲಿ ಕಟ್ಟಿದ ಫಸ್ಟ್ ಸಂಸ್ಥೆಯ ಸ್ಪರ್ಧೆಗಳಲ್ಲಂತೂ ಎದುರಾಳಿಗೂ ಸಹಾಯ ಮಾಡು ಅನ್ನುವುದೇ ದೊಡ್ಡ ಪಾಠ. ಬ್ಯಾಟರಿ ಇಲ್ಲದವರಿಗೆ ಬ್ಯಾಟರಿ ಕೊಡುವುದು, ಸ್ಕ್ರೂ ಕಳೆದವರಿಗೆ ಸ್ಕ್ರೂ ಕೊಡುವುದು ಅಲ್ಲಿ ಮಾಮೂಲು. ಸ್ಪರ್ಧೆಯನ್ನೂ ಸಹಕಾರವನ್ನೂ ಒಟ್ಟಿಗೆ ಕಟ್ಟಿ ಅವರು 'ಕೋಆಪರ್ಟಿಷನ್' ಅಂತ ಒಂದು ಹೊಸ ಪದವನ್ನೇ ಇಟ್ಟುಕೊಂಡಿದ್ದಾರೆ. ಅದೇ ಸಂಸ್ಥೆಯ ಲೆಗೋ ಲೀಗ್‌ನಲ್ಲಿ ಮಕ್ಕಳು ಒಬ್ಬರೊಡನೊಬ್ಬರು ಹೇಗೆ ಕೆಲಸ ಮಾಡಿದರು ಅನ್ನುವುದಕ್ಕೂ ಅಂಕ ಇದೆ.

ಸಹಾಯಕ್ಕೂ ಸೇರುವುದಕ್ಕೂ ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ನಾನು ಬಹಳ ಯೋಚಿಸಿದೆ. ತಂಗಿ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು. ರೋಬೋಟ್ ಗೆರೆ ಬಿಟ್ಟು ಯಾಕೆ ಹೋಗುತ್ತದೆ ಅಂತ ಬೋರ್ಡ್ ಮೇಲೆ ಬರೆದು ವಿವರಿಸು, ತಪ್ಪಿಲ್ಲ. ಅವರ ಲ್ಯಾಪ್‌ಟಾಪ್‌ನ ಕೀಬೋರ್ಡ್ ಮಾತ್ರ ಮುಟ್ಟಬೇಡ. ಸಮಯ ಲೆಕ್ಕ ಹಾಕಿ ತಿರುಗಿಸಿದರೆ ಬ್ಯಾಟರಿ ತುಂಬಿದ್ದಾಗ ಜಾಸ್ತಿ ತಿರುಗುತ್ತದೆ, ಇಳಿದಾಗ ಕಡಿಮೆ ತಿರುಗುತ್ತದೆ, ಅದಕ್ಕೇ ಚಕ್ರ ಎಷ್ಟು ಸುತ್ತಿತು ಅಂತ ಎಣಿಸಬೇಕು ಅಂತ ಹೇಳಿಕೊಡು. ಎಷ್ಟು ಸುತ್ತು ಅನ್ನುವ ಸಂಖ್ಯೆಯನ್ನು ಅವರೇ ಹತ್ತು ಸಲ ಓಡಿಸಿ ಕಂಡುಹಿಡಿಯಲಿ. ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಅವರ ಕೈಬರಹದಲ್ಲೇ ಬರೆಯಲಿ. ನಾಳೆ ಜಡ್ಜ್ ಯಾರನ್ನು ಬೇಕಾದರೂ ಎಬ್ಬಿಸಿ "ಈ ಸಾಲು ಯಾಕೆ?" ಅಂತ ಕೇಳಿದರೆ ಅವರು ಉತ್ತರ ಕೊಡುವಂತಿರಬೇಕು.

"ಅವರು ತಪ್ಪು ಬರೀತಿದ್ರೆ ನೋಡ್ಕೊಂಡು ಸುಮ್ನೆ ಇರಬೇಕಾ?" ಅಂತ ಕೇಳಿದ. ಇರಬೇಕು ಅಂದೆ. ಅದು ಅವನಿಗೆ ಕೋಡಿಂಗ್‌ಗಿಂತ ಕಷ್ಟದ ಕೆಲಸ ಅಂತ ನನಗೆ ಗೊತ್ತಿತ್ತು.

ಶಾಲೆಯವರು ಮೊದಲು ಒಪ್ಪಲಿಲ್ಲ. ಹೆಸರು ಹಾಕಿದರೆ ಯಾರು ನೋಡ್ತಾರೆ ಅಂದರಂತೆ. ತಂಗಿ ನಿಯಮದ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ಹೋಗಿ ಮೇಜಿನ ಮೇಲಿಟ್ಟಳು. ಕೊನೆಗೆ ಎರಡನೇ ಟೀಮನ್ನು ಇವನಿಲ್ಲದೇ ಕಟ್ಟಿದರು. ದುದ್ದದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕೋಡಿಂಗ್ ಮಾಡುತ್ತೇನೆ ಅಂತ ಮುಂದೆ ಬಂದಳು. ಇದ್ದದ್ದು ಐದು ವಾರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬುತ್ತಿ ಬೇಗ ಮುಗಿಸಿ ಲ್ಯಾಬ್‌ಗೆ ಹೋಗುತ್ತಿದ್ದಳಂತೆ. ಬ್ಲಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸುವ ಸುಲಭದ ಕೋಡಿಂಗ್‌ನಿಂದ ಶುರು ಮಾಡಿದಳು. ಇವನು ಬೋರ್ಡ್ ಹತ್ತಿರ ನಿಂತು ಹೇಳುತ್ತಿದ್ದ, ಕೈ ಹಿಂದೆ ಕಟ್ಟಿಕೊಂಡು.

ಸ್ಪರ್ಧೆ ಬೆಂಗಳೂರಿನಲ್ಲಿ. ಮಕ್ಕಳನ್ನು ಬೆಳಗಿನ ರೈಲಿನಲ್ಲಿ ಕರೆದುಕೊಂಡು ಹೋಗಲು ದೊಡ್ಡವರು ಬೇಕಿತ್ತು, ನಾನೂ ಹೊರಟೆ. ಶ್ರವಣಬೆಳಗೊಳ ದಾಟುವ ಹೊತ್ತಿಗೆ ಎರಡೂ ಟೀಮ್ ಇಡ್ಲಿ ಹಂಚಿಕೊಂಡು ತಿಂದಾಗಿತ್ತು. ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಎರಡನೇ ಟೀಮಿನ ಸರದಿ ಬಂದಾಗ ಇವನು ಹಗ್ಗದ ಈಚೆ ನನ್ನ ಪಕ್ಕ ನಿಂತಿದ್ದ. ರೋಬೋಟ್ ಮೊದಲ ಎರಡು ತಿರುವು ಚೆನ್ನಾಗಿ ದಾಟಿತು. ಮೂರನೆಯದರಲ್ಲಿ ಡಬ್ಬ ಎತ್ತಬೇಕಿತ್ತು. ಕೈ ಕೆಳಗಿಳಿಯಿತು, ಡಬ್ಬ ಹಿಡಿಯಿತು, ಮೇಲೆ ಏಳಲೇ ಇಲ್ಲ. ಇವನಿಗೆ ಕಾರಣ ಗೊತ್ತಾಯಿತು ಅಂತ ಮುಖದಲ್ಲೇ ಕಾಣಿಸಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಎರಡು ನಿಮಿಷ ಮುಗಿದು ಬೆಲ್ ಆಯಿತು.

ಆ ಹುಡುಗಿ ರೋಬೋಟ್ ಎತ್ತಿಕೊಂಡು ಹಗ್ಗದ ಕೆಳಗೆ ನುಸುಳಿ ಹೊರಗೆ ಬಂದಳು. ಇವನು ಓಡಿ ಹೋಗಿ, "ಈಗ ಹೇಳ್ಲಾ?" ಅಂದ.

"ಬೇಡ, ಗೊತ್ತಾಯ್ತು" ಅಂದಳು ಅವಳು. ನೆಲದ ಮೇಲೇ ಕೂತು ಲ್ಯಾಪ್‌ಟಾಪ್ ತೆರೆದಳು. ಎರಡನೇ ಸುತ್ತಿಗೆ ಇನ್ನೂ ನಲವತ್ತು ನಿಮಿಷ ಇತ್ತು.